ಗದ್ದಲದೊಳಗಿನ ಲಘು-ಗುರು

ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಮೇಷ್ಟ್ರೊಬ್ಬರು ನನಗೆ ಬಹಳ ವರ್ಷಗಳಿಂದ ಪರಿಚಿತರು. ಛಂದಸ್ಸಿನ ಪಾಠದಲ್ಲಿ ಎತ್ತಿದ ಕೈ. ಮೇಜು ಕುಟ್ಟಿಕೊಂಡು ಅವರು ಭಾಮಿನಿ ಷಟ್ಪದಿ ಹಾಡತೊಡಗಿದರೆ ಕೊನೆಯ ಬೆಂಚಿನವರೂ ನಿದ್ದೆ ಬಿಟ್ಟು ನೆಟ್ಟಗೆ ಕೂರುತ್ತಾರೆ. ಅಂಥವರ ಮನೆಯಲ್ಲಿ ಈಚೆಗೆ ಅಪ್ಪ-ಮಗನ ನಡುವೆ ಮಾತೇ ನಿಂತುಹೋಗಿತ್ತು. ಮಗ ಎರಡನೇ ಪಿಯುಸಿ. ಮಧ್ಯಾವಧಿ ಪರೀಕ್ಷೆಯಲ್ಲಿ ಗಣಿತದ ಅಂಕ ಕುಸಿದಿತ್ತು. ಹುಡುಗ ಸಂಜೆಯಾದರೆ ಕೋಣೆಯ ಬಾಗಿಲು ಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಏರಿಸಿ, ರಾಕ್ ಮತ್ತು ಮೆಟಲ್ ಸಂಗೀತದಲ್ಲಿ ಮುಳುಗಿರುತ್ತಿದ್ದ. ಮೇಷ್ಟ್ರು ಒಂದು ದಿನ ಹೆಡ್‌ಫೋನ್ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಹುಡುಗ ಊಟದ ತಟ್ಟೆಯನ್ನು ಕೋಣೆಗೇ ಒಯ್ಯತೊಡಗಿದ. ಹದಿನೈದು ದಿನ ಹೀಗೇ ನಡೆಯಿತು.

ಕೊನೆಗೆ ಹುಡುಗನ ತಾಯಿ ಫೋನು ಮಾಡಿದರು. "ಅದರಲ್ಲಿ ಅಂಥಾದ್ದೇನಿದೆ ಅಂತ ನೀವಾದರೂ ಹೇಳಿ. ಡ್ರಗ್ಸು, ಸೈತಾನ ಅಂತೆಲ್ಲ ಜನ ಹೇಳ್ತಾರೆ. ಇವರಿಗೆ ಸಿಟ್ಟು, ನನಗೆ ಭಯ" ಎಂದರು. ಆ ಸಂಗೀತವನ್ನು ಕ್ಯಾಸೆಟ್ಟಿನ ಕಾಲದಿಂದ ಕೇಳುತ್ತ ಬಂದವನು ನಾನು. ಮೆಚ್ಚಿದ ಆರೇಳು ಆಲ್ಬಂಗಳನ್ನು ಆರಿಸಿಕೊಂಡು ಒಂದು ಭಾನುವಾರ ಅವರ ಮನೆಗೆ ಹೋದೆ. ಅಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇಂಥ ಮುಚ್ಚಿದ ಬಾಗಿಲು ಅವರ ಮನೆಯಲ್ಲಿ ಮಾತ್ರ ಇರಲಿಕ್ಕಿಲ್ಲ.

ಮೊದಲು ಹೆಸರುಗಳ ವಿಚಾರ. ರೇಡಿಯೊದಲ್ಲಿ ಬರುವ ಪಾಶ್ಚಾತ್ಯ ಜನಪ್ರಿಯ ಹಾಡು ಸಾಮಾನ್ಯವಾಗಿ ಮೂರು ನಿಮಿಷದ್ದು. ನಾಲ್ಕು ಎಣಿಕೆಯ ತಾಳ, ಒಂದು ಪಲ್ಲವಿ, ಎರಡು ಚರಣ, ಮುಗಿಯಿತು. 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕೆಲವು ತರುಣರಿಗೆ ಈ ಚೌಕಟ್ಟು ಸಾಲದೆನಿಸಿತು. ಇಪ್ಪತ್ತು ನಿಮಿಷದ ಕೃತಿ, ನಡುವೆ ಬದಲಾಗುವ ತಾಳ, ಕೊಳಲು, ಪಿಟೀಲು, ಮೊದಲಿನಿಂದ ಕೊನೆಯವರೆಗೆ ಒಂದೇ ಕಥೆ ಹೇಳುವ ಆಲ್ಬಂ, ಇವೆಲ್ಲ ಬಂದವು. ಇದೇ ಪ್ರೊಗ್ರೆಸಿವ್ ರಾಕ್. ಅದೇ ಹೊತ್ತಿಗೆ ಕಾರ್ಖಾನೆಗಳ ಊರಾದ ಬರ್ಮಿಂಗ್‌ಹ್ಯಾಮಿನಲ್ಲಿ ಗಿಟಾರಿನ ದನಿ ದಪ್ಪಗಾಗಿ, ಭಾರವಾಗಿ ಮೆಟಲ್ ಹುಟ್ಟಿತು. ಮುಂದೆ ಎರಡೂ ನೆಂಟಸ್ತಿಕೆ ಬೆಳೆಸಿದವು.

ತಾಯಿಯ ಸೈತಾನನ ಭಯದಿಂದಲೇ ಶುರು ಮಾಡಿದೆ. ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಆಲ್ಬಂ ಬಂದದ್ದು 1970ರ ಫೆಬ್ರವರಿ 13ರಂದು. ಅದರ ಮೊದಲ ಹಾಡಿನಲ್ಲಿ ಮಳೆ ಸುರಿಯುತ್ತದೆ, ಗಂಟೆ ಬಡಿಯುತ್ತದೆ, ಆಮೇಲೆ ಗಿಟಾರಿನ ಮೂರು ಸ್ವರಗಳು. ಕೆಳಗಿನ ಷಡ್ಜ, ಮೇಲಿನ ಷಡ್ಜ, ಅಲ್ಲಿಂದ ಇಳಿದು ನಿಲ್ಲುವುದು ಪ್ರತಿಮಧ್ಯಮದಲ್ಲಿ. ಷಡ್ಜಕ್ಕೂ ಈ ಸ್ವರಕ್ಕೂ ಇರುವ ಅಂತರವನ್ನು ಯೂರೋಪಿನ ಹಳಬರು 'ಸಂಗೀತದೊಳಗಿನ ಸೈತಾನ' ಎಂದು ಕರೆಯುತ್ತಿದ್ದರು. ನಮ್ಮಲ್ಲಿ ಅದೇ ಸ್ವರ ಕಲ್ಯಾಣಿ ರಾಗದ ಜೀವ. ಹಾಡಿನೊಳಗಿನ ಮನುಷ್ಯನೂ ಸೈತಾನನ ಭಕ್ತನೇನಲ್ಲ, ಅವನನ್ನು ಕಂಡು ಹೆದರಿ ದೇವರನ್ನು ಕೂಗುವವನು.

ಆ ಸ್ವರ ನುಡಿಸಿದ ಟೋನಿ ಅಯೋಮಿಯ ಕಥೆಯನ್ನು ಪ್ರತಿ ವಿದ್ಯಾರ್ಥಿಯೂ ಕೇಳಬೇಕು. ಹದಿನೇಳನೇ ವಯಸ್ಸಿನಲ್ಲಿ ಲೋಹದ ತಗಡಿನ ಕಾರ್ಖಾನೆಯಲ್ಲಿ ಕೆಲಸ. ಬಿಟ್ಟುಹೋಗುವ ಕೊನೆಯ ದಿನವೇ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ತುಂಡಾಯಿತು. ಆತ ಎಡಗೈಯಲ್ಲಿ ಮೀಟುವವನು, ತಂತಿ ಒತ್ತುವುದು ಬಲಗೈ. ಗಿಟಾರಿನ ಆಸೆ ಬಿಟ್ಟು ಕೂತಿದ್ದಾಗ ಕಾರ್ಖಾನೆಯ ಮೇಸ್ತ್ರಿ ಒಂದು ಗ್ರಾಮಫೋನ್ ತಟ್ಟೆ ತಂದುಕೊಟ್ಟ. ಅದು ಜ್ಯಾಂಗೋ ರೈನ್‌ಹಾರ್ಟ್‌ನದು. ಬೆಂಕಿಯಲ್ಲಿ ಕೈ ಸುಟ್ಟುಕೊಂಡು ಎರಡೇ ಬೆರಳಿನಲ್ಲಿ ಗಿಟಾರ್ ನುಡಿಸಿದ ಕಲಾವಿದ ಆತ. ಅಯೋಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ಮೇಲೆ ಚರ್ಮ ಅಂಟಿಸಿದ. ನೋವಾಗದಿರಲೆಂದು ತೆಳು ತಂತಿ ಕಟ್ಟಿದ, ಮುಂದೆ ಶ್ರುತಿಯನ್ನೂ ಇಳಿಸಿದ. ಇಳಿದ ಶ್ರುತಿಯ ಆ ಭಾರದ ದನಿಯೇ ಮೆಟಲ್ ಸಂಗೀತದ ಗುರುತಾಯಿತು. ಈ ತಂಡದ ಗಾಯಕ ಆಝಿ ಆಸ್ಬರ್ನ್ 2025ರ ಜುಲೈ 5ರಂದು ಹುಟ್ಟೂರು ಬರ್ಮಿಂಗ್‌ಹ್ಯಾಮಿನಲ್ಲಿ ಕೊನೆಯ ಕಛೇರಿ ಕೊಟ್ಟು, ಹದಿನೇಳನೇ ದಿನಕ್ಕೆ ತೀರಿಕೊಂಡರು.

ಎರಡನೆಯದು ಜೆಥ್ರೋ ಟಲ್ ತಂಡದ 'ಥಿಕ್ ಆ್ಯಸ್ ಎ ಬ್ರಿಕ್', 1972ರದು. ಒಂಟಿಕಾಲಲ್ಲಿ ನಿಂತು ಕೊಳಲೂದುವ ಇಯಾನ್ ಆ್ಯಂಡರ್ಸನ್ ಇದರ ಕರ್ತೃ. ಇಡೀ ಆಲ್ಬಂ ಒಂದೇ ಹಾಡು, ಮುಕ್ಕಾಲು ಗಂಟೆಗೆ ಸ್ವಲ್ಪ ಕಡಿಮೆ. ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಹಿಡಿಸದ್ದರಿಂದ ನಡುವೆ ತಟ್ಟೆ ಮಗುಚಬೇಕಿತ್ತು, ಅಷ್ಟೆ. ನಮಗೆ ಪತ್ರಿಕೆಯವರಿಗೆ ಇದರ ಮೇಲೆ ವಿಶೇಷ ಪ್ರೀತಿ. ಏಕೆಂದರೆ ಅದರ ಹೊದಿಕೆಯೇ ಹನ್ನೆರಡು ಪುಟದ ಒಂದು ಹಳ್ಳಿ ಪತ್ರಿಕೆ! ಸುದ್ದಿ, ಜಾಹೀರಾತು, ಪದಬಂಧ ಎಲ್ಲವೂ ಉಂಟು, ಎಲ್ಲವೂ ತಮಾಷೆಗೆ ಸೃಷ್ಟಿಸಿದ್ದು. ಮುಖಪುಟದ ಸುದ್ದಿ ಏನು ಗೊತ್ತೆ? ಎಂಟು ವರ್ಷದ ಹುಡುಗನೊಬ್ಬ ಬರೆದ ಪದ್ಯಕ್ಕೆ ಬಹುಮಾನ ಕೊಟ್ಟ ಹಿರಿಯರು, ಅದರಲ್ಲಿ ಏನೋ ಅನುಚಿತ ಕಂಡು ಬಹುಮಾನವನ್ನು ವಾಪಸು ಪಡೆದರು. ಆ ಪದ್ಯವೇ ಹಾಡು. ಹುಡುಗ ಕಲ್ಪಿತ, ಹಿರಿಯರೂ ಕಲ್ಪಿತರು. ಆದರೆ ಮಕ್ಕಳು ಹೇಳುವುದನ್ನು ಪೂರ್ತಿ ಕೇಳುವ ಮೊದಲೇ ತೀರ್ಪು ಕೊಡುವ ಚಾಳಿ ಕಲ್ಪಿತವಲ್ಲ. ಈ ಮಾತಿಗೆ ಮೇಷ್ಟ್ರು ನನ್ನ ಕಡೆ ಓರೆನೋಟ ಬೀರಿದರು, ಮಾತಾಡಲಿಲ್ಲ. ಹುಡುಗ ಮಾತ್ರ ಅಷ್ಟರಲ್ಲಿ ಕೋಣೆಯ ಬಾಗಿಲ ತನಕ ಬಂದು ಚೌಕಟ್ಟಿಗೆ ಒರಗಿ ನಿಂತಿದ್ದ.

ಮೂರನೆಯದು ಪಿಂಕ್ ಫ್ಲಾಯ್ಡ್ ತಂಡದ 'ವಿಶ್ ಯೂ ವರ್ ಹಿಯರ್', 1975. ಇದರ ಮುಖ್ಯ ಕೃತಿ ಒಂಬತ್ತು ಭಾಗಗಳದು. ಅರ್ಧ ಆಲ್ಬಮ್ಮಿನ ಮೊದಲಿಗೆ, ಉಳಿದರ್ಧ ಕೊನೆಗೆ. ಮೊದಲ ಮಾತು ಹಾಡಿನಲ್ಲಿ ಕೇಳಿಬರುವ ಹೊತ್ತಿಗೆ ಎಂಟು ನಿಮಿಷ ದಾಟಿರುತ್ತದೆ. ಅಲ್ಲಿಯವರೆಗೆ ಗಿಟಾರ್ ನಾಲ್ಕೇ ಸ್ವರಗಳ ಒಂದು ತುಣುಕನ್ನು ಇಟ್ಟು ಕಾಯುತ್ತದೆ, ಮತ್ತೆ ಇಡುತ್ತದೆ. ಆಲಾಪನೆ ಕೇಳಿ ಗೊತ್ತಿರುವ ನಮ್ಮವರಿಗೆ ಈ ಸಾವಧಾನ ಹೊಸದಲ್ಲ. ಹಾಡಿಗೆ ಅವಸರವಿಲ್ಲ, ಆದ್ದರಿಂದ ಕೇಳುವವನ ಅವಸರವೂ ನಿಧಾನಕ್ಕೆ ಇಳಿಯುತ್ತದೆ.

ಈ ಹಾಡು ಯಾರಿಗಾಗಿ ಎಂಬುದು ಮನಸ್ಸು ಕಲಕುವ ಸಂಗತಿ. ಸಿಡ್ ಬ್ಯಾರೆಟ್ ಈ ತಂಡ ಕಟ್ಟಿದವರಲ್ಲೊಬ್ಬ, ಮೊದಲ ಗಾಯಕ, ಮೊದಲ ಕವಿ. ಎಲ್‌ಎಸ್‌ಡಿ ಎಂಬ ಮಾದಕ ವಸ್ತುವಿನ ಸಹವಾಸ, ಕೆಡುತ್ತ ಹೋದ ಮನಸ್ಸು, ಎರಡೂ ಸೇರಿ ವೇದಿಕೆಯ ಮೇಲೆ ನುಡಿಸಲಾಗದೆ ನಿಂತುಬಿಡುತ್ತಿದ್ದ. 1968ರಲ್ಲಿ ತಂಡದಿಂದ ದೂರವಾದ. ಏಳು ವರ್ಷದ ಮೇಲೆ, 1975ರ ಜೂನ್ 5ರಂದು, ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೊದಲ್ಲಿ ಗೆಳೆಯರು ಇದೇ ಹಾಡಿನ ಕೆಲಸದಲ್ಲಿದ್ದಾಗ ದಪ್ಪ ಮೈಯ, ತಲೆ-ಹುಬ್ಬು ಬೋಳಿಸಿಕೊಂಡ ಒಬ್ಬ ಒಳಗೆ ಬಂದು ನಿಂತ. ಯಾರೋ ಅಪರಿಚಿತ ಎಂದುಕೊಂಡರು. ಅದು ಸಿಡ್ ಎಂದು ತಿಳಿಯಲು ಸಾಕಷ್ಟು ಹೊತ್ತು ಹಿಡಿಯಿತು, ತಿಳಿದಾಗ ಕಣ್ಣೀರು ಬಂತು. ಸಿಡ್ ಮುಂದೆ ಕೇಂಬ್ರಿಜ್‌ನಲ್ಲಿ ಚಿತ್ರ ಬರೆಯುತ್ತ, ತೋಟ ನೋಡಿಕೊಳ್ಳುತ್ತ ಬದುಕಿ 2006ರಲ್ಲಿ ತೀರಿಕೊಂಡ. ಡ್ರಗ್ಸ್ ಬೇಡ ಎಂದು ಮಕ್ಕಳಿಗೆ ನೂರು ಸಲ ಹೇಳುತ್ತೇವೆ. ಈ ಆಲ್ಬಂ ಕೇಳಿ ಈ ಕಥೆ ತಿಳಿದ ಹುಡುಗನಿಗೆ ಅದನ್ನು ನೂರೊಂದನೇ ಸಲ ಹೇಳಬೇಕಾಗಲಿಕ್ಕಿಲ್ಲ.

ಮೆಟಾಲಿಕಾದ 'ಮಾಸ್ಟರ್ ಆಫ್ ಪಪೆಟ್ಸ್' (1986) ಇದನ್ನೇ ಕೂಗಿ ಹೇಳುತ್ತದೆ. ಶೀರ್ಷಿಕೆಯ ಹಾಡಿನಲ್ಲಿ ಮಾತಾಡುವುದು ಮನುಷ್ಯನಲ್ಲ, ಮಾದಕ ವಸ್ತು. ನೀನು ಬೊಂಬೆ, ದಾರ ನನ್ನ ಕೈಯಲ್ಲಿದೆ ಎಂಬ ಧಾಟಿ ಅದರದು. ಅಷ್ಟು ವೇಗ, ಅಷ್ಟು ಅಬ್ಬರ ಯಾಕೆಂದರೆ ಅದು ಚಟದ ವೇಗ. ನಟ್ಟನಡುವೆ ಎಲ್ಲ ನಿಂತು ಗಿಟಾರುಗಳು ತಣ್ಣಗೆ, ಇಂಪಾಗಿ ನುಡಿಯುತ್ತವೆ, ಆಮೇಲೆ ಮತ್ತೆ ಸುಳಿಗೆ ಎಳೆಯುತ್ತವೆ. ಅಬ್ಬರ ಕೇಳಿದವರು ಆ ತಣ್ಣನೆಯ ಭಾಗಕ್ಕೆ ಕಾಯಬೇಕು. ಹಾಡು ಬರೆದ ಜೇಮ್ಸ್ ಹೆಟ್‌ಫೀಲ್ಡ್ ತಾವೇ ಕುಡಿತದ ಚಟಕ್ಕೆ ಬಿದ್ದು 2001ರಲ್ಲೂ 2019ರಲ್ಲೂ ಚಿಕಿತ್ಸೆ ಪಡೆದರು. ಬರೆದು ಎಚ್ಚರಿಸಿದವನನ್ನೂ ಅದು ಬಿಡಲಿಲ್ಲ.

ಇದೇ ಆಲ್ಬಮ್ಮಿನ 'ಓರಾಯನ್' ಎಂಟು ನಿಮಿಷಕ್ಕೂ ಮೀರಿದ, ಮಾತಿಲ್ಲದ ವಾದ್ಯಕೃತಿ. ಅದರ ಹಿಂದಿನ ಮುಖ್ಯ ಕೈ ಬೇಸ್ ಗಿಟಾರಿನ ಕ್ಲಿಫ್ ಬರ್ಟನ್‌ರದು. ಸಂಗೀತ ಶಾಸ್ತ್ರ ಓದಿದವರು, ಬಾಖ್‌ನ ಅಭಿಮಾನಿ. ಆಲ್ಬಂ ಬಂದ ವರ್ಷವೇ ಸೆಪ್ಟೆಂಬರ್ 27ರಂದು ಸ್ವೀಡನ್ನಿನಲ್ಲಿ ತಂಡದ ಬಸ್ಸು ಮಗುಚಿ ತೀರಿಕೊಂಡರು. ವಯಸ್ಸು 24. ಅಂತ್ಯಕ್ರಿಯೆಯಲ್ಲಿ ನುಡಿಸಿದ್ದು ಇದೇ ಕೃತಿಯನ್ನು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಮುಂದಿನ ಪೀಳಿಗೆಗೆಂದು ಕಾದಿಡುವ ಧ್ವನಿಮುದ್ರಿಕೆಗಳ ಪಟ್ಟಿಗೆ ಸೇರಿದ ಮೊದಲ ಮೆಟಲ್ ಆಲ್ಬಂ ಇದು. 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿತು. ಅದಕ್ಕೂ ಮೊದಲು, 2007ರ ಮಾರ್ಚ್ 17ರಂದು, ಐರನ್ ಮೇಡನ್ ಭಾರತದಲ್ಲಿ ತನ್ನ ಮೊಟ್ಟಮೊದಲ ಕಛೇರಿ ಕೊಟ್ಟದ್ದೂ ಅದೇ ಮೈದಾನದಲ್ಲೇ. ಇಂಗ್ಲಿಷ್ ಸಾಹಿತ್ಯ ಓದುವವರಿಗೆ ಒಂದು ಸೂಚನೆ: ಐರನ್ ಮೇಡನ್‌ನ 'ಪವರ್‌ಸ್ಲೇವ್' (1984) ಆಲ್ಬಮ್ಮಿನ ಕೊನೆಯ ಹಾಡು ಕೋಲ್‌ರಿಜ್ ಕವಿ 1798ರಲ್ಲಿ ಪ್ರಕಟಿಸಿದ ಮುದಿ ನಾವಿಕನ ಕಥನಕವನವನ್ನು ಹದಿಮೂರು ನಿಮಿಷಗಳಲ್ಲಿ ಹಾಡಿ ಮುಗಿಸುತ್ತದೆ.

ಇಷ್ಟಾದ ಮೇಲೆ ತಾಯಿ ಕಾಫಿ ತಂದರು. ಮೇಷ್ಟ್ರು ಇನ್ನೂ ಬಿಗಿಯಾಗಿಯೇ ಇದ್ದರು. "ಕಥೆಗಳೇನೋ ಚೆನ್ನಾಗಿವೆ. ಆದರೆ ಕೇಳಿದರೆ ತಲೆ ಚಿಟ್ಟು ಹಿಡಿಯುತ್ತದಲ್ಲ, ಅದಕ್ಕೇನು ಹೇಳ್ತೀರಿ?" ಎಂದರು. "ಕೇಳಬೇಡಿ ಮೇಷ್ಟ್ರೇ, ಎಣಿಸಿ" ಎಂದೆ.

ಮೊದಲು ಪಿಂಕ್ ಫ್ಲಾಯ್ಡ್‌ನದೇ 1973ರ 'ಡಾರ್ಕ್ ಸೈಡ್ ಆಫ್ ದಿ ಮೂನ್' ಆಲ್ಬಮ್ಮಿನ 'ಮನಿ' ಹಾಕಿದೆ. ನಾಣ್ಯದ ಸದ್ದು, ಕಾಗದ ಹರಿಯುವ ಸದ್ದು, ಅಂಗಡಿಯ ಗಲ್ಲಾಯಂತ್ರದ ಸದ್ದು ಒಂದರ ಹಿಂದೊಂದು ಸುತ್ತುತ್ತವೆ. ಕಂಪ್ಯೂಟರ್ ಇಲ್ಲದ ಕಾಲ. ಒಂದೊಂದು ಸದ್ದಿನ ಟೇಪನ್ನೂ ಅಳತೆಪಟ್ಟಿ ಇಟ್ಟು ಒಂದೇ ಉದ್ದಕ್ಕೆ ಕತ್ತರಿಸಿ, ಅಂಟಿಸಿ, ಬಳೆಯಂತೆ ಸುತ್ತಿಸಿದ್ದರು. ಮೇಷ್ಟ್ರ ಬೆರಳು ತಾನಾಗಿಯೇ ತೊಡೆಯ ಮೇಲೆ ಬಿತ್ತು. "ಏಳು" ಎಂದರು. ತುಸು ಹೊತ್ತಿನ ಮೇಲೆ, "ಭಾಮಿನಿಗೆ ಮೂರು-ನಾಲ್ಕು, ಮೂರು-ನಾಲ್ಕು. ಇಲ್ಲೂ ಏಳೇ" ಎಂದರು. "ನಡುವೆ ಗಿಟಾರ್ ಸೋಲೋ ಬಂದಾಗ ನಾಲ್ಕಾಗುತ್ತೆ ನೋಡಿ" ಎಂದ ಹುಡುಗ, ಬಾಗಿಲ ಬಳಿಯಿಂದಲೇ. ಹದಿನೈದು ದಿನದಲ್ಲಿ ಅಪ್ಪನಿಗೆ ಅವನಾಡಿದ ಮೊದಲ ಮಾತಂತೆ ಅದು.

ಆಮೇಲೆ ರಶ್ ತಂಡದ 'ಮೂವಿಂಗ್ ಪಿಕ್ಚರ್ಸ್', 1981. ಕೆನಡಾದ ಟೊರಾಂಟೊ ನಗರದ ಮೂವರ ತಂಡ ಇದು. ಅದರಲ್ಲಿ 'ವೈ ವೈ ಝೆಡ್' ಎಂಬ ವಾದ್ಯಕೃತಿಯಿದೆ. ಟೊರಾಂಟೊ ವಿಮಾನ ನಿಲ್ದಾಣದ ಸಂಕೇತಾಕ್ಷರಗಳು ಅವು. ವಿಮಾನ ಚಾಲಕರಿಗೆ ಗುರುತಾಗಲೆಂದು ಆ ಅಕ್ಷರಗಳು ರೇಡಿಯೊದಲ್ಲಿ ಮೋರ್ಸ್ ಸಂಕೇತವಾಗಿ ಬರುತ್ತವೆ, ಹಿಂದೆ ನಮ್ಮ ಅಂಚೆ ಕಚೇರಿಯಲ್ಲಿ ತಂತಿ ಕಳಿಸುತ್ತಿದ್ದ ಕಟ್ಟು-ಕಡ ಸದ್ದಿನ ಹಾಗೆ. ಆ ಉದ್ದ-ಗಿಡ್ಡ ಸದ್ದುಗಳನ್ನೇ ಇವರು ತಾಳವಾಗಿಸಿದರು. ಹಾಡಿನಲ್ಲಿ ಉದ್ದ ಸದ್ದು ಗಿಡ್ಡದರ ಎರಡರಷ್ಟು.

ಹುಡುಗ ಹಾಳೆ ತಂದ. ಮೇಷ್ಟ್ರು ಪೆನ್ನು ತೆಗೆದರು. ಉದ್ದ ಸದ್ದಿಗೆ ಗುರು, ಗಿಡ್ಡಕ್ಕೆ ಲಘು. ವೈ ಎಂದರೆ ಗುರು, ಲಘು, ಗುರು, ಗುರು: ಏಳು ಮಾತ್ರೆ. ಇನ್ನೊಂದು ವೈ, ಮತ್ತೆ ಏಳು. ಝೆಡ್ ಎಂದರೆ ಗುರು, ಗುರು, ಲಘು, ಲಘು: ಆರು. ಒಟ್ಟು ಇಪ್ಪತ್ತು. ನೀವೂ ಬೇಕಾದರೆ ಮೇಜಿನ ಮೇಲೆ ಬಡಿದು ನೋಡಿ: ತಾಂ ತ ತಾಂ ತಾಂ, ತಾಂ ತ ತಾಂ ತಾಂ, ತಾಂ ತಾಂ ತ ತ. "ಲಲಿತ ರಗಳೆಯ ಒಂದು ಸಾಲಿಗೂ ಇಪ್ಪತ್ತೇ ಮಾತ್ರೆ. ಅಲ್ಲಿ ಐದೈದಾಗಿ ನಾಲ್ಕು ಗಣ, ಇಲ್ಲಿ ಏಳು, ಏಳು, ಆರು" ಎಂದು ಮೇಷ್ಟ್ರು ಹಾಳೆಯನ್ನೇ ನೋಡುತ್ತ ಕೂತರು. "ಹಾಕಪ್ಪ, ಇನ್ನೊಂದು ಸಲ" ಎಂದರು ಮಗನಿಗೆ.

ಈ ತಂಡದ ಡ್ರಮ್ಮರ್ ನೀಲ್ ಪರ್ಟ್ ಬಗ್ಗೆ ಒಂದು ಮಾತು. ಜಗತ್ತಿನ ಶ್ರೇಷ್ಠ ಡ್ರಮ್ಮರುಗಳಲ್ಲೊಬ್ಬ ಎಂಬ ಕೀರ್ತಿ ಬಂದಮೇಲೆ, ನಲವತ್ತು ದಾಟಿದ ವಯಸ್ಸಿನಲ್ಲಿ, ಫ್ರೆಡ್ಡಿ ಗ್ರೂಬರ್ ಎಂಬ ಗುರುವಿನ ಬಳಿ ಹೋಗಿ ಕಡ್ಡಿ ಹಿಡಿಯುವುದರಿಂದ ಮೊದಲುಗೊಂಡು ಮತ್ತೆ ಪಾಠ ಹೇಳಿಸಿಕೊಂಡರು. 2020ರ ಜನವರಿಯಲ್ಲಿ ತೀರಿಕೊಂಡರು. ನಮ್ಮ ಮಕ್ಕಳು ಇಂಥವರ ಚಿತ್ರವನ್ನು ಗೋಡೆಗೆ ಅಂಟಿಸಿಕೊಂಡರೆ ಗೋಡೆ ಕೆಡುವುದಿಲ್ಲ.

ಕೊನೆಯದನ್ನು ಹುಡುಗನೇ ಆರಿಸಿದ: ಅಮೆರಿಕದ ಟೂಲ್ ತಂಡದ 'ಲ್ಯಾಟರಾಲಸ್', 2001. ಶೀರ್ಷಿಕೆಯ ಹಾಡಿನಲ್ಲಿ ಗಾಯಕ ಉಸಿರಿಗೊಮ್ಮೆ ಹಾಡುವ ಅಕ್ಷರಗಳನ್ನು ಎಣಿಸಿದರೆ 1, 1, 2, 3, 5, 8, ಮತ್ತೆ ಇಳಿದು 5, 3 ಎಂದು ಸಾಗುತ್ತದೆ. ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಸಿಗುವ ಫಿಬೊನಾಚ್ಚಿ ಸರಣಿ. ಪಲ್ಲವಿಯ ತಾಳ 9, 8, 7 ಎಂದು ಕುಗ್ಗುತ್ತದೆ. ಕೂಡಿಸಿ ಬರೆದರೆ 987, ಅದೂ ಅದೇ ಸರಣಿಯ ಸಂಖ್ಯೆ. ಡ್ರಮ್ಸ್ ಬಾರಿಸುವ ಡ್ಯಾನಿ ಕೇರಿ ತಬಲಾ ಪಾಠವನ್ನೂ ಕಲಿತವರು.

ಗಣಿತದಲ್ಲಿ ಹಿಂದೆ ಬಿದ್ದ ಹುಡುಗ ಇದನ್ನೆಲ್ಲ ತಡವರಿಸದೆ ಹೇಳಿದ. ಈಗ ಮೇಷ್ಟ್ರ ಸರದಿ. "ಫಿಬೊನಾಚ್ಚಿ ಪುಸ್ತಕ ಬರೆದದ್ದು 1202ರಲ್ಲಿ. ಅದಕ್ಕೆ ಐವತ್ತು ವರ್ಷ ಮೊದಲೇ ಹೇಮಚಂದ್ರ ಇದನ್ನು ಛಂದಸ್ಸಿನಲ್ಲಿ ಹೇಳಿದ್ದಾನೆ, ಅವನಿಗಿಂತ ಹಿಂದೆ ವಿರಹಾಂಕ" ಎಂದು ಹಾಳೆ ತಿರುಗಿಸಿದರು. ಒಂದು ಮಾತ್ರೆಯನ್ನು ಲಘು-ಗುರುಗಳಲ್ಲಿ ಹಂಚುವ ಬಗೆ ಒಂದೇ. ಎರಡು ಮಾತ್ರೆಗೆ ಎರಡು ಬಗೆ, ಮೂರಕ್ಕೆ ಮೂರು, ನಾಲ್ಕಕ್ಕೆ ಐದು, ಐದಕ್ಕೆ ಎಂಟು. "ಆರಕ್ಕೆ?" ಎಂದರು. "ಹದಿಮೂರು" ಎಂದ ಮಗ. "ಯಾಕೆ?" ಹುಡುಗ ಯೋಚಿಸಿ ಹೇಳಿದ: "ಕೊನೆಗೆ ಲಘು ಬಂದರೆ ಹಿಂದೆ ಐದು ಮಾತ್ರೆ ಉಳಿಯುತ್ತೆ, ಗುರು ಬಂದರೆ ನಾಲ್ಕು. ಎಂಟು, ಐದು, ಹದಿಮೂರು." ಮೇಷ್ಟ್ರು ಪೆನ್ನು ಕೆಳಗಿಟ್ಟರು.

ಈ ಆಲ್ಬಂಗಳು ನನಗೇಕೆ ಇಷ್ಟ ಎಂಬುದಕ್ಕೆ ಉತ್ತರ ಆ ಹಾಳೆಯಲ್ಲಿದೆ. ಇವು ಕೇಳುವವನನ್ನು ದಡ್ಡ ಎಂದು ಎಣಿಸುವುದಿಲ್ಲ. ಮೊದಲ ಸಲ ಗದ್ದಲ, ಐದನೇ ಸಲ ಲೆಕ್ಕ, ಹತ್ತನೇ ಸಲ ಅದರೊಳಗಿನ ದುಃಖವೋ ಸಂತೋಷವೋ ಗೊತ್ತಾಗುತ್ತದೆ. ಮುಕ್ಕಾಲು ಗಂಟೆ ಅಲುಗದೆ ಒಂದನ್ನೇ ಕೇಳಬಲ್ಲವನಿಗೆ ಮುಕ್ಕಾಲು ಗಂಟೆ ಕೂತು ಒಂದು ಪ್ರಮೇಯ ಬಿಡಿಸುವ ತಾಳ್ಮೆಯೂ ಒಳಗೆಲ್ಲೋ ಇರುತ್ತದೆ. ಅದನ್ನು ಪುಸ್ತಕದ ಕಡೆ ತಿರುಗಿಸುವುದು ಸುಲಭವೆಂದು ನಾನು ಹೇಳುವುದಿಲ್ಲ. ಹಾಡು ಓದಿಗೆ ಬದಲಿಯಲ್ಲ, ವಿದ್ಯಾರ್ಥಿಗಳೇ. ಇಂಥ ಸಂಗೀತವೆಲ್ಲ ಒಳ್ಳೆಯದೆಂದೂ ಅಲ್ಲ. ಬರೀ ಅಬ್ಬರದ, ದ್ವೇಷ ಕಾರುವ ಹಾಡುಗಳೂ ಉಂಟು. ಬೇರ್ಪಡಿಸಲು ಬರುವುದು ಕೇಳಿದವರಿಗೆ ಮಾತ್ರ.

ಪೋಷಕರ ಒಂದು ಆತಂಕ ಮಾತ್ರ ನೂರಕ್ಕೆ ನೂರು ಸರಿ, ಅದು ಕಿವಿಯದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ 80 ಡೆಸಿಬೆಲ್, ಮಕ್ಕಳಿಗೆ 75 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಮಿತಿ. ಸದ್ದು ಏರಿದಷ್ಟೂ ಗಂಟೆ ಬೇಗ ಇಳಿಯಬೇಕು. ಒಮ್ಮೆ ಸತ್ತ ಶ್ರವಣಕೋಶ ಮತ್ತೆ ಹುಟ್ಟುವುದಿಲ್ಲ. ಹೆಡ್‌ಫೋನಿಗಿಂತ ನಡುಮನೆಯಲ್ಲಿ ಹದವಾದ ಸದ್ದಿನಲ್ಲಿ ಹಾಕಿ ಕೇಳುವುದು ಮೇಲು. ಆಗ ಬಾಗಿಲೂ ತೆರೆದಿರುತ್ತದೆ.

ಹೆಡ್‌ಫೋನ್ ಬೀರುವಿನಿಂದ ಹೊರಬಂತೇ ಎಂದು ಕೇಳುತ್ತೀರಾ? ಬಂದಿದೆ, ಓದು ಮುಗಿದ ಮೇಲೆ ಒಂದು ಗಂಟೆ ಎಂಬ ಕರಾರಿನ ಮೇಲೆ. ಗಣಿತದ ಅಂಕ ಏರುವುದೋ ಇಲ್ಲವೋ, ಪರೀಕ್ಷೆ ಇನ್ನೂ ಮುಂದಿದೆ. ಮೊನ್ನೆ ಆ ತಾಯಿ ಮತ್ತೆ ಫೋನು ಮಾಡಿದ್ದರು. "ತಟ್ಟೆ ಕೋಣೆಗೆ ಹೋಗ್ತಿಲ್ಲ, ಜೊತೇಲೇ ಕೂತು ಊಟ ಮಾಡ್ತಾರೆ. ಆದರೆ ಈಗ ಅಪ್ಪ-ಮಗ ಇಬ್ಬರೂ ತಟ್ಟೆ ಅಂಚಿನ ಮೇಲೆ ತಾಂ ತ ತಾಂ ತಾಂ ಅಂತ ಬಡೀತಾರಲ್ಲ, ಇದಕ್ಕೇನು ಮಾಡಲಿ ಹೇಳಿ" ಎಂದರು. ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.